ಕರ್ಣನ ಕಶ್ಮಕಶ್

ಮನಸ್ಸಿನ ಹೊಯ್ದಾಟಕ್ಕೆ ಉರ್ದುವಿನಲ್ಲಿ ‘ಕಶ್ಮಕಶ್’ ಎನ್ನುತ್ತಾರೆ. ಪಾರ್ಸಿಯಿಂದ ಬಂದ ಪದ. ಬಿಡಿಸಿದರೆ ‘ಎಳೆ, ಎಳೆಯಬೇಡ’ ಎಂದಾಗುತ್ತದೆ. ಕನ್ನಡದ ‘ತೊಳಲಾಟ’ದಲ್ಲಿ ನೋವಿದೆ, ಆದರೆ ಹಗ್ಗದ ಎರಡೂ ತುದಿ ಒಬ್ಬನ ಕೈಯಲ್ಲೇ ಇರುವ ಈ ಚಿತ್ರವಿಲ್ಲ. ಮರ್ಕಂಜದಂಥ ಸುಳ್ಯ ಸೀಮೆಯ ಹಳ್ಳಿಗಳಲ್ಲಿ ತಾಳಮದ್ದಲೆ ಕೇಳಿದವರಿಗೆ ಈ ಚಿತ್ರ ಹೊಸದಲ್ಲ. ಅವರು ಕರ್ಣನನ್ನು ಬಲ್ಲರು.

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ‘ಕರ್ಣಭೇದನ’ದಲ್ಲಿ ಕೃಷ್ಣ ಜನ್ಮರಹಸ್ಯ ಹೇಳಿದ ಮೇಲೆ ಕರ್ಣ ಏನು ಮಾಡುತ್ತಾನೆಂಬುದು ಸಭೆಗೆಲ್ಲ ಗೊತ್ತು. ಆದರೂ ಸಮರ್ಥ ಅರ್ಥಧಾರಿ ಸಿಕ್ಕಿದರೆ, ಈ ಸಲವಾದರೂ ಅವನು ಪಾಂಡವರತ್ತ ಹೋಗಿಬಿಟ್ಟಾನೇನೋ ಎಂದು ಒಂದು ಗಳಿಗೆ ಅನ್ನಿಸುತ್ತದೆ.

ಹ್ಯಾಮ್ಲೆಟ್‌ನ ಕಥೆ ಬೇರೆ. ಪ್ರೇತ ಹೇಳಿದ್ದು ನಿಜವೋ ಸುಳ್ಳೋ ಎಂದು ಅವನು ನಾಟಕವಾಡಿಸಿ ಪರೀಕ್ಷಿಸಬೇಕಾಯಿತು. ಕರ್ಣನಿಗೆ ಸಂಶಯವೇ ಇಲ್ಲ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಅವನು ಗೆಲುವು ಪಾಂಡವರದೇ ಎನ್ನುತ್ತಾನೆ. ಈ ಗುಟ್ಟು ಧರ್ಮರಾಯನಿಗೆ ತಿಳಿಸಬೇಡ, ತಿಳಿದರೆ ರಾಜ್ಯವನ್ನು ನನಗೆ ಕೊಟ್ಟಾನು, ನಾನು ಅದನ್ನು ದುರ್ಯೋಧನನಿಗೆ ಕೊಟ್ಟೇನು ಎಂದೂ ಕೇಳಿಕೊಳ್ಳುತ್ತಾನೆ. ಎಷ್ಟು ನಿಚ್ಚಳ ಬುದ್ಧಿ! ಕುಮಾರವ್ಯಾಸನ ಕರ್ಣ ಇಷ್ಟು ಮಾತಾಡುವುದಿಲ್ಲ. ಅವನ ಗಂಟಲು ಕಟ್ಟುತ್ತದೆ, ಕಣ್ಣು ತುಂಬುತ್ತದೆ. ಆಗಲೂ ಮೊದಲು ನೆನೆಯುವುದು ಕೌರವನಿಗಾಗುವ ಕೇಡನ್ನೇ.

ಉಂಡ ಉಪ್ಪಿನ ಋಣವನ್ನು ನಮ್ಮ ಜನ ದೊಡ್ಡದೆಂದು ಹಾಡಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ದ್ರೌಪದಿಯನ್ನು ಸಭೆಗೆ ಎಳೆತಂದ ದಿನ ಕರ್ಣ ಒಂದಿಷ್ಟೂ ಹಿಂಜರಿಯಲಿಲ್ಲ. ಒಡೆಯನ ಸಂತೋಷಕ್ಕೆ ಕೆಟ್ಟ ಮಾತಾಡಿದ. ಆ ಮಾತುಗಳಿಗಾಗಿ ಬೇಯುತ್ತಿದ್ದೇನೆ ಎಂದು ಅವನೇ ಕೃಷ್ಣನೆದುರು ಒಪ್ಪಿಕೊಳ್ಳುತ್ತಾನೆ. ಹಿಂಜರಿಕೆಯನ್ನು ಹೇಡಿತನ ಎನ್ನುವವರು ಈ ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಂದು ಸಭೆಯಲ್ಲಿ ಒಂದು ಕ್ಷಣ ಅವನ ನಾಲಗೆ ತಡವರಿಸಿದ್ದರೆ?

ಇಲ್ಲಿ ನನಗೆ ಹುರ್ರ್ ನೆನಪಾಗುತ್ತಾನೆ. ಸುಮಾರು ಸಾವಿರ ಸವಾರರೊಂದಿಗೆ ಇಮಾಮ್ ಹುಸೈನರ ದಾರಿ ತಡೆದವನು ಅವನೇ. ಕ್ರಿ.ಶ. 680ರಲ್ಲಿ, ಕರ್ಬಲಾದ ಆ ಬೆಳಗ್ಗೆ ಅವನ ಮೈ ನಡುಗುತ್ತಿತ್ತಂತೆ. ಕೂಫಾದ ಮಹಾಶೂರ ನೀನು, ನಿನಗೇನಾಯಿತು ಎಂದು ಜೊತೆಗಾರ ಬೆರಗಾದ. ಸ್ವರ್ಗ-ನರಕಗಳ ನಡುವೆ ಆರಿಸಿಕೊಳ್ಳುತ್ತಿದ್ದೇನೆ ಎಂದ ಹುರ್ರ್ ಕುದುರೆಯನ್ನು ಹುಸೈನರತ್ತ ಓಡಿಸಿದ. ಅದೇ ದಿನ ಅವರ ಪಾಳೆಯದವನಾಗಿ ಸತ್ತ. ಗೆಲ್ಲುವ ಪಕ್ಷವನ್ನು ಬಿಟ್ಟು ಸೋಲುವವರತ್ತ ಬಂದವನು ಅವನು. ಸೋಲುತ್ತೇವೆಂದು ಗೊತ್ತಿದ್ದೂ ಪಕ್ಷ ಬಿಡದವನು ಕರ್ಣ. ಸಾವಿಗೆ ಇಬ್ಬರೂ ಅಂಜಿದವರಲ್ಲ.

ವ್ಯಾಸಭಾರತದಲ್ಲಿ ಈ ಮಾತುಕತೆ ನಡೆಯುವುದು ಕೃಷ್ಣನ ರಥದ ಮೇಲೆ. ಕರ್ಣ ಆಗಲೇ ಆ ರಥದಲ್ಲಿ ಕುಳಿತಿದ್ದ. ಇಳಿಯದೆ ಇದ್ದಿದ್ದರೆ ಸಾಕಿತ್ತು. ಅವನು ಕೃಷ್ಣನನ್ನು ಬಿಗಿದಪ್ಪಿದ, ಕೆಳಗಿಳಿದ, ತನ್ನ ರಥ ಹತ್ತಿದ, ಬಾಡಿದ ಮನಸ್ಸಿನಿಂದ ಹಸ್ತಿನಾವತಿಗೆ ಹಿಂತಿರುಗಿದ.