ತಡೆಯೂ ಒಂದು ಕ್ರಿಯೆ

ನರವೆಂದರೆ ಸುದ್ದಿ ಸಾಗಿಸುವ ತಂತಿ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಬೆರಳಿಗೆ ಬಿಸಿ ತಗಲಿತು, ಸುದ್ದಿ ಹೋಯಿತು, ಅಪ್ಪಣೆ ಬಂತು, ಕೈ ಸರಿಯಿತು. ಇದು ಸುಳ್ಳಲ್ಲ, ಅರ್ಧ ಸತ್ಯ. ಸುದ್ದಿಯನ್ನು ತಡೆಯುವುದೂ ನರಕೋಶದ್ದೇ ಕೆಲಸ. ಆ ತಡೆ ಇಲ್ಲದಿದ್ದರೆ ಸಾಗಿಸಿದ್ದಕ್ಕೆ ಅರ್ಥವೇ ಇರುವುದಿಲ್ಲ.

1906ರ ನೊಬೆಲ್ ಪ್ರಶಸ್ತಿಯನ್ನು ಇಟಲಿಯ ಗಾಲ್ಜಿ ಮತ್ತು ಸ್ಪೇನಿನ ಕಹಾಲ್ ಹಂಚಿಕೊಂಡರು, ಅಭಿಪ್ರಾಯವನ್ನು ಹಂಚಿಕೊಳ್ಳಲಿಲ್ಲ. ನರವ್ಯೂಹ ಎಲ್ಲೂ ಕಡಿಯದ ಒಂದೇ ಬಲೆ ಎಂದು ಗಾಲ್ಜಿ ನಂಬಿದ್ದರು. ಅವರೇ ಕಂಡುಹಿಡಿದ ಬೆಳ್ಳಿಯ ಬಣ್ಣಗಾರಿಕೆಯನ್ನು ಬಳಸಿ ಕಹಾಲ್, ಪ್ರತಿ ಕೋಶವೂ ಬೇರೆಬೇರೆ ಎಂದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೋಶಗಳ ನಡುವೆ ಸುಮಾರು 20 ನ್ಯಾನೊಮೀಟರಿನ ಬಿರುಕನ್ನು ತೋರಿಸಿತು. ಕೆಲವೆಡೆ ಕೋಶಗಳು ನೇರವಾಗಿ ಬೆಸೆದುಕೊಂಡಿರುವುದುಂಟು. ಆದರೂ ಬಿರುಕೇ ನಿಯಮ.

ಈ ಬಿರುಕಿನಲ್ಲಿ ವಿದ್ಯುತ್ ಸಂಕೇತ ನಿಂತು ರಾಸಾಯನಿಕವಾಗಿ ದಾಟಬೇಕು. ಆಚೆಯ ಕೋಶದ ಡೆಂಡ್ರೈಟುಗಳೆಂಬ ಕವಲುಗಳಿಗೆ ಸಾವಿರಾರು ಕಡೆಯಿಂದ ಇಂಥ ಸಂಕೇತಗಳು ಬರುತ್ತವೆ. ಕೆಲವು ಅದನ್ನು ಕೆರಳಿಸುತ್ತವೆ, ಕೆಲವು ತಣಿಸುತ್ತವೆ. ಕೂಡಿ ಕಳೆದು ಉಳಿದದ್ದು ಮಿತಿ ದಾಟಿದರೆ ಮಾತ್ರ ಆಕ್ಸಾನ್ ಎಂಬ ಅದರ ಎಳೆಯಲ್ಲಿ ಮಿಡಿತ ಓಡುತ್ತದೆ. ದಾಟದಿದ್ದರೆ ಏನೂ ಇಲ್ಲ. ಅರೆ ಮಿಡಿತ ಎಂಬುದಿಲ್ಲ.

ತಡೆಯ ಬೆಲೆ ತಿಳಿಯುವುದು ಅದು ತಪ್ಪಿದಾಗ. ಮೊಣಕೈ ಮಡಚುವಾಗ ಮಡಚುವ ಸ್ನಾಯುವಿಗೆ ಅಪ್ಪಣೆ ಹೋದಂತೆ, ಚಾಚುವ ಸ್ನಾಯುವಿನ ನರಕೋಶಕ್ಕೆ ಬೆನ್ನುಹುರಿಯಲ್ಲಿ ತಡೆ ಬೀಳುತ್ತದೆ. ಧನುರ್ವಾಯುವಿನ ವಿಷ ಈ ತಡೆಯ ರಾಸಾಯನಿಕಗಳು ಹೊರಬರದಂತೆ ಮಾಡುತ್ತದೆ. ನಮ್ಮ ಕರಾವಳಿಯವರಿಗೆ ಪರಿಚಿತವಾದ ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್, ಅಂಥ ಒಂದು ರಾಸಾಯನಿಕವಾದ ಗ್ಲೈಸಿನ್ ಹೋಗಿ ಕೂರುವ ಜಾಗವನ್ನೇ ಮುಚ್ಚುತ್ತದೆ. ದಾರಿ ಬೇರೆ, ಫಲ ಒಂದೇ: ಎದುರುಬದುರಿನ ಸ್ನಾಯುಗಳು ಒಟ್ಟಿಗೇ ಸೆಟೆದುಕೊಳ್ಳುತ್ತವೆ. ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ. ಪ್ರಜ್ಞೆ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಅನುಮಸ್ತಿಷ್ಕದ ಪರ್ಕಿಂಜೆ ಕೋಶವನ್ನೂ ನೋಡಬೇಕು. ಮಿದುಳಿನಲ್ಲೇ ಅತ್ಯಂತ ದಟ್ಟವಾಗಿ ಕವಲೊಡೆದ ಕೋಶಗಳಲ್ಲಿ ಅದೂ ಒಂದು. ಲಕ್ಷಕ್ಕೂ ಮಿಕ್ಕಿ ಸಂಪರ್ಕಗಳು ಅದಕ್ಕೆ ಬರುತ್ತವೆ. ಅಷ್ಟೆಲ್ಲ ಕೇಳಿಸಿಕೊಂಡು ಅದು ಮುಂದಿನ ಕೋಶಕ್ಕೆ ಹೇಳುವುದು ‘ಬೇಡ’ ಎಂಬುದನ್ನು ಮಾತ್ರ. ಆ ‘ಬೇಡ’ಗಳ ಏರಿಳಿತವೇ ನಮ್ಮ ಚಲನೆಗೆ ಹದ ಕೊಡುತ್ತದೆ.

ಇದು ಬರೀ ಅಯಾನುಗಳ ಲೆಕ್ಕ, ಇದರಲ್ಲಿ ಸಂಯಮದ ತತ್ತ್ವ ಹುಡುಕುವುದು ಅತಿಯಾಯಿತು ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ: ಕೋಶಕ್ಕೆ ಇಚ್ಛೆಯಿಲ್ಲ, ನೀತಿಯೂ ಇಲ್ಲ. ಎಲ್ಲ ತಡೆಯೂ ಒಳ್ಳೆಯದು ಎಂದೂ ಇದರಿಂದ ಸಿದ್ಧವಾಗುವುದಿಲ್ಲ. ತಡೆ ಮಿತಿಮೀರಿದರೆ ಉಸಿರೇ ನಿಲ್ಲಬಹುದು. ಸಿದ್ಧವಾಗುವುದು ಇಷ್ಟೇ: ತಡೆ ಕ್ರಿಯೆಗೆ ಹೊರಗಿನಿಂದ ಬಂದ ವಿಘ್ನವಲ್ಲ, ಕ್ರಿಯೆಯದೇ ಭಾಗ. ಹಾಗಾಗಿ ಪ್ರಶ್ನೆ ಇರಬೇಕಾದ್ದು ತಡೆ ಬೇಕೋ ಬೇಡವೋ ಎಂಬುದಲ್ಲ; ಎಲ್ಲಿ, ಎಷ್ಟು, ಎಷ್ಟು ಹೊತ್ತು ಎಂಬುದು. ಅಡ್ಡಿಯಿಲ್ಲದಿರುವುದೇ ಸ್ವಾತಂತ್ರ್ಯ ಎನ್ನುವವರು, ನರಗಳ ತಡೆಯೆಲ್ಲ ಕಳಚಿಯೂ ತುತ್ತು ಎತ್ತಲಾರದ ಧನುರ್ವಾಯು ರೋಗಿಯ ಸ್ಥಿತಿಯನ್ನು ಏನೆಂದು ಕರೆಯುತ್ತಾರೋ ಹೇಳಬೇಕು.