ಕಡಿಮೆ ದರದ ಧರ್ಮ

ಏತ ನೀರಾವರಿ ಕಾಮಗಾರಿಗೆ ಟೆಂಡರ್ ಹಾಕುವವನು ಎರಡು ಮಾತು ಕೊಡುತ್ತಾನೆ. ಇಂಥ ಕೆಲಸವನ್ನು ಇಂಥ ಗುಣಮಟ್ಟದಲ್ಲಿ ಮಾಡಿಕೊಡುತ್ತೇನೆ ಎಂಬುದು ಒಂದು, ಅದನ್ನು ಇಷ್ಟೇ ಹಣದಲ್ಲಿ ಮಾಡುತ್ತೇನೆ ಎಂಬುದು ಇನ್ನೊಂದು. ದೊಡ್ಡ ಕಾಮಗಾರಿಗಳಲ್ಲಿ ಇವೆರಡನ್ನೂ ಬೇರೆ ಬೇರೆ ಲಕೋಟೆಯಲ್ಲಿ ಕೇಳುವುದು ರೂಢಿ. ತಾಂತ್ರಿಕ ಲಕೋಟೆ ಮೊದಲು ತೆರೆಯುತ್ತದೆ, ಅದರಲ್ಲಿ ಅರ್ಹರಾದವರ ಆರ್ಥಿಕ ಲಕೋಟೆ ಆಮೇಲೆ. ಅಲ್ಲಿಂದ ಮುಂದೆ ನೋಡುವುದು ಯಾರ ದರ ಕಡಿಮೆ ಎಂಬುದನ್ನಷ್ಟೇ. ಧರ್ಮದ ಪ್ರಶ್ನೆ ಹುಟ್ಟುವುದೂ ಇದೇ ಹಂತದಲ್ಲಿ. ಮೊದಲ ಮಾತನ್ನು ಉಳಿಸಿಕೊಳ್ಳಲು ಸಾಲದ ಮೊತ್ತವನ್ನು ಎರಡನೆಯ ಲಕೋಟೆಯಲ್ಲಿ ಬರೆದವನು ಸುಳ್ಳಾಡಿದಂತೆಯೇ, ಅಥವಾ ಅದು ವ್ಯಾಪಾರದ ಧೈರ್ಯವೇ?

ವಿಜಯಪುರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿ ನೀರು ಒಂದು ಇಲಾಖೆಗೆ, ವಿದ್ಯುತ್ತು ಇನ್ನೊಂದು ಇಲಾಖೆಗೆ ಸೇರಿದ್ದರೂ ಕೆಲಸದಲ್ಲಿ ಎರಡೂ ಒಂದೇ. ಕೃಷ್ಣೆ ತಗ್ಗಿನಲ್ಲಿ ಹರಿಯುತ್ತದೆ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಹೊಲಗಳು ದಿಬ್ಬದ ಮೇಲಿವೆ. ನೀರನ್ನು ಎತ್ತದೆ ಅಲ್ಲಿಗೆ ತರುವ ದಾರಿಯಿಲ್ಲ. ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳು ಹುಟ್ಟಿದ್ದು ಈ ಕಾರಣಕ್ಕೆ. ಅದಕ್ಕೂ ಮುಂಚೆ ತಿಕೋಟಾ ಸುತ್ತಲಿನ ಬೆಳೆಗಾರರು ಬರಗಾಲ ಬಂದಾಗಲೆಲ್ಲ ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಪಡ ಉಳಿಸಿಕೊಂಡವರು. ವಿದ್ಯುತ್ತಿಗೂ ಇದೇ ನದಿ ಬೇಕು. ಆಲಮಟ್ಟಿ ಅಣೆಕಟ್ಟಿನ ಜಲವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರಕ್ಕೂ ಕೃಷ್ಣೆಯ ನೀರೇ ಬೇಕು. ರಾಜ್ಯದಲ್ಲಿ ಇಂಥ ನೀರಾವರಿ ಕಾಮಗಾರಿಗಳಿಗೆ ಟೆಂಡರ್ ಕರೆಯುವ ಸಂಸ್ಥೆಗಳಲ್ಲಿ 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮ ಮತ್ತು 1998ರ ಕರ್ನಾಟಕ ನೀರಾವರಿ ನಿಗಮ ಮುಖ್ಯವಾದವು.

ಟೆಂಡರಿನ ನ್ಯಾಯವನ್ನು ರಾಜ್ಯದಲ್ಲಿ ಕಟ್ಟಿಕೊಟ್ಟದ್ದು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಅದರ ಅಡಿ 2000ದಲ್ಲಿ ಬಂದ ನಿಯಮಗಳು 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕಾಲಾವಕಾಶ ಇರಬೇಕೆಂದು ಮೂಲದಲ್ಲಿ ಹೇಳಿದ್ದವು. ಸುದ್ದಿ ಮೊದಲೇ ಗೊತ್ತಿದ್ದ ಒಬ್ಬನಿಗಷ್ಟೇ ಲಾಭವಾಗದಿರಲಿ ಎಂಬುದು ಇದರ ಹಿಂದಿನ ಯೋಚನೆ. ಸುಪ್ರೀಂ ಕೋರ್ಟು 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ, ಸರ್ಕಾರಿ ಸಂಸ್ಥೆ ತಾನೇ ಹಾಕಿದ ಅರ್ಹತೆಯ ಷರತ್ತನ್ನು ತಾನೇ ಮುರಿಯುವಂತಿಲ್ಲ ಎಂದಿತು. 1994ರ ಟಾಟಾ ಸೆಲ್ಯುಲರ್ ತೀರ್ಪು ನ್ಯಾಯಾಲಯ ನೋಡಬೇಕಾದ್ದು ನಿರ್ಧಾರಕ್ಕೆ ಬಂದ ಬಗೆಯನ್ನು, ನಿರ್ಧಾರದ ಒಳಿತು ಕೆಡುಕನ್ನಲ್ಲ ಎಂದು ಗೆರೆ ಎಳೆಯಿತು. ಈ ವ್ಯವಸ್ಥೆ ಗುತ್ತಿಗೆದಾರ ಗುತ್ತಿಗೆದಾರರ ನಡುವಿನ ನ್ಯಾಯವನ್ನು ಚೆನ್ನಾಗಿ ಕಾಯುತ್ತದೆ. ಆದರೆ ಕಾಲುವೆಯ ಕೊನೆಯ ತೂಬಿನಲ್ಲಿ ನೀರಿಗೆ ಕಾಯುವ ರೈತ ಈ ಒಪ್ಪಂದಕ್ಕೆ ಸಹಿ ಮಾಡಿದವನಲ್ಲ. ಅವನಿಗೆ ಆಗಬೇಕಾದ ನ್ಯಾಯ ಕಾಯ್ದೆಯ ಹಾಳೆಗಿಂತ ಹೆಚ್ಚಾಗಿ ಟೆಂಡರ್ ಹಾಕಿದವನ ಮನಸ್ಸಿನಲ್ಲಿದೆ. ಆ ಮನಸ್ಸು ಹೇಗಿರಬೇಕು ಎಂಬುದನ್ನು ಈ ನೆಲ ಬಹಳ ಹಿಂದೆಯೇ ಚರ್ಚಿಸಿದೆ.

ವಿಜಯಪುರ ನಗರದಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ ನಡೆಯುತ್ತದೆ. ಆ ಸಿದ್ಧೇಶ್ವರ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ ಸಿದ್ಧರಾಮ. 12ನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ ಕರ್ಮಯೋಗಿ. ಅವನ ಬದುಕನ್ನು ರಾಘವಾಂಕ ಕಾವ್ಯವಾಗಿಸಿದ. ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬರುತ್ತಾನೆ. ಕೆರೆಯ ಕೆಲಸ ನಡೆಯುವಲ್ಲಿ ನಿಂತು ಸಿದ್ಧರಾಮನನ್ನು ಮಣ್ಣು ಕಲ್ಲು ಹೊರುವ ಒಡ್ಡನೆಂದು ಕರೆಯುತ್ತಾನೆ. ಅದನ್ನು ಕೇಳಿ ಸಿಟ್ಟಿಗೆದ್ದ ಕೆಲಸಗಾರರು ಅವನ ಮೇಲೆ ಕಲ್ಲು ಬೀರುತ್ತಾರೆ, ಸಿದ್ಧರಾಮನೂ ಕೋಪದಿಂದಲೇ ಓಡಿ ಬರುತ್ತಾನೆ. ಅಲ್ಲಮನ ಆಕ್ಷೇಪ ಕೆರೆಯ ಮೇಲಲ್ಲ. ಕೆರೆ ಕಟ್ಟಿಸಿದೆನೆಂಬ ಭಾವ ಕಟ್ಟಿಸಿದವನಲ್ಲಿ ಉಳಿದರೆ ಆ ಪುಣ್ಯವೂ ಬಂಧನವೇ ಎಂಬುದು ಅವನ ನಿಲುವು. ಸಂವಾದ ಮುಗಿದ ಮೇಲೆ ಸಿದ್ಧರಾಮ ಕಲ್ಯಾಣಕ್ಕೆ ಹೋಗುತ್ತಾನೆ, ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಕೆರೆ ಅಲ್ಲಿಯೇ ಉಳಿಯುತ್ತದೆ, ಅದು ಇಂದಿಗೂ ಸೊಲ್ಲಾಪುರದ ನಡುವೆ ಇದೆ. ಕನ್ನಡದಲ್ಲಿ ನೀರಿನ ಕಾಮಗಾರಿಯನ್ನು ಕುರಿತ ಇಷ್ಟು ಗಂಭೀರವಾದ ತಾತ್ವಿಕ ಚರ್ಚೆ ಮತ್ತೊಂದು ಸಿಗುವುದು ಕಷ್ಟ.

ಆದಿಲ್ ಶಾಹಿ ವಿಜಯಪುರದ ನೀರಿಗೆ ಬೇರೊಂದು ಧರ್ಮದೃಷ್ಟಿಯ ಆಸರೆಯಿತ್ತು. ಚಾಂದ್ ಬಾವಡಿ, 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್, ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ಊರಿಗೆ ಬಂದ ನೀರು, ಅದರ ಒತ್ತಡ ತಗ್ಗಿಸಲು ನಡುನಡುವೆ ನಿಲ್ಲಿಸಿದ ಗಂಜ್ ಗೋಪುರಗಳು ಇವೆಲ್ಲ ಅರಸು ಮನೆತನ ಮತ್ತು ಅದರ ಸರದಾರರು ಕಟ್ಟಿಸಿದವು. ಬಬಲೇಶ್ವರ ಭಾಗದ ಮಮದಾಪುರ ಕೆರೆಯನ್ನು ಕಟ್ಟಿಸಿದವನೂ ಅದೇ ಮನೆತನದ ಅರಸ ಮುಹಮ್ಮದ್ ಆದಿಲ್ ಶಾಹ. ಸತ್ತ ಮೇಲೂ ಪುಣ್ಯ ಹರಿದು ಬರುವ ದಾನಕ್ಕೆ ಇಸ್ಲಾಮಿನಲ್ಲಿ ಸದಕಾ ಜಾರಿಯಾ ಎನ್ನುತ್ತಾರೆ. ಬಾವಿ ತೋಡಿಸುವುದು ಅದರಲ್ಲಿ ಮೇಲಿನದು. ಅದೇ ಪರಂಪರೆ ವ್ಯಾಪಾರದ ನೀತಿಯನ್ನೂ ಬಿಡದೆ ಹೇಳಿತು. ಕೊಳ್ಳುವ ಇಚ್ಛೆಯೇ ಇಲ್ಲದವನು ಬೆಲೆ ಏರಿಸಲೆಂದು ಸವಾಲು ಕೂಗುವುದನ್ನು ನಜಶ್ ಎಂದು ಹೆಸರಿಸಿ ಹದೀಸುಗಳು ನಿಷೇಧಿಸಿವೆ. ಇಂದು ಗೆಲ್ಲುವ ಉದ್ದೇಶವಿಲ್ಲದೆ, ಮೊದಲೇ ಗೊತ್ತುಮಾಡಿದ ಒಬ್ಬನಿಗೆ ಕೆಲಸ ಸಿಗಲೆಂದು ಹೆಚ್ಚಿನ ದರ ಬರೆದು ಟೆಂಡರ್ ಹಾಕುವವರು ಮಾಡುವುದೂ ಅದನ್ನೇ. 2002ರ ಸ್ಪರ್ಧಾ ಅಧಿನಿಯಮ ಇಂಥ ಒಳ ಒಪ್ಪಂದವನ್ನು ನಿಷೇಧಿಸುವ ಎಷ್ಟೋ ಶತಮಾನ ಮೊದಲೇ ವ್ಯಾಪಾರಿಗಳ ಧರ್ಮಶಾಸ್ತ್ರ ಅದನ್ನು ಗುರುತಿಸಿತ್ತು.

ಗುತ್ತಿಗೆದಾರ ದಾನಿಯಲ್ಲ. ಹಣ ಪಡೆದು ಕೆಲಸ ಮಾಡುವವನು. ಅಂಥವನ ಕೆಲಸಕ್ಕೆ ಧರ್ಮದಲ್ಲಿ ಜಾಗವಿದೆಯೇ? ಇಲ್ಲಿ ನೆರವಿಗೆ ಬರುವುದು ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಾಯಕ ತತ್ವ. ಬಸವಣ್ಣ ಕಲ್ಯಾಣದ ಅರಸ ಬಿಜ್ಜಳನ ಭಂಡಾರಿ, ಸಾರ್ವಜನಿಕ ಹಣದ ಲೆಕ್ಕ ಹೊತ್ತವನು. ಭಂಡಾರದ ಹಣ ದಾಸೋಹಕ್ಕೆ ಹೋಗುತ್ತಿದೆ ಎಂಬ ದೂರು ಬಂದು ಲೆಕ್ಕ ನೋಡಿದಾಗ ಒಂದು ಕಾಸೂ ಕಡಿಮೆ ಬೀಳಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಕಾಯಕ ಕೂಲಿಯನ್ನು ಬೇಡವೆನ್ನುವುದಿಲ್ಲ. ಅದು ಕೇಳುವುದು ಕೂಲಿಯ ಅಳತೆಯನ್ನು. ಬಸವಣ್ಣನ ಕಾಲದ ಶರಣ ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಾದದ್ದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಮರಳಿ ಕಳಿಸಿದಳು. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ಜೇಬಿಲ್ಲದ ಅಂಗಿ ತೊಟ್ಟು, 2018ರಲ್ಲಿ ಪದ್ಮಶ್ರೀಯನ್ನು ನಯವಾಗಿ ನಿರಾಕರಿಸಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ದಾರಿ ಸನ್ಯಾಸದ್ದು. ಸಂಸಾರ, ಕೂಲಿಯಾಳು, ಬ್ಯಾಂಕ್ ಸಾಲ ಮೂರನ್ನೂ ಹೊತ್ತ ಗುತ್ತಿಗೆದಾರನಿಗೆ ಆ ದಾರಿ ತೆರೆದಿಲ್ಲ. ಮಾರಯ್ಯ ಲಕ್ಕಮ್ಮರ ದಾರಿ ತೆರೆದಿದೆ.

ಲಕ್ಕಮ್ಮನ ಮಾತನ್ನು ಸಾಮಾನ್ಯವಾಗಿ ಅತಿಯಾಸೆಯ ವಿರುದ್ಧ ಬಳಸುತ್ತಾರೆ. ಟೆಂಡರಿನ ಮಟ್ಟಿಗೆ ಅದಕ್ಕೆ ಇನ್ನೊಂದು ಮಗ್ಗುಲಿದೆ. ಬೇಕಾದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ತಪ್ಪಾದರೆ, ಬೇಕಾದ್ದಕ್ಕಿಂತ ಕಡಿಮೆ ಬರೆಯುವುದೂ ತಪ್ಪೇ. ಕಡಿಮೆ ದರ ತ್ಯಾಗದಂತೆ ಕಾಣುತ್ತದೆ, ಸರ್ಕಾರಕ್ಕೆ ಹಣ ಉಳಿಸಿದಂತೆಯೂ ಕಾಣುತ್ತದೆ. ಆ ಕೊರತೆಯನ್ನು ಕೊನೆಗೆ ಯಾರಾದರೂ ತುಂಬಲೇಬೇಕು. ಕೆಲವೊಮ್ಮೆ ಅದು ಲೆಕ್ಕದ ತಪ್ಪಿನಿಂದಲೇ ಆಗುತ್ತದೆ. ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು 1971ರಲ್ಲಿ, ಸ್ಪರ್ಧೆಯಲ್ಲಿ ಗೆದ್ದವನೇ ಹೆಚ್ಚಾಗಿ ಲೆಕ್ಕ ತಪ್ಪಿದವನೂ ಆಗಿರುತ್ತಾನೆ ಎಂದು ತೋರಿಸಿದರು. ಎಲ್ಲರೂ ಪ್ರಾಮಾಣಿಕವಾಗಿ ಅಂದಾಜು ಮಾಡಿದರೂ, ಖರ್ಚನ್ನು ತೀರಾ ಕಡಿಮೆ ಅಂದಾಜಿಸಿದವನಿಗೇ ಕೆಲಸ ಸಿಗುತ್ತದೆ. ಉದ್ದೇಶಪೂರ್ವಕವಾಗಿ ಕಡಿಮೆ ಬರೆಯುವವನ ಮಾತು ಬೇರೆ. ಕೆಲಸ ಕೈಗೆ ಬರಲಿ, ಆಮೇಲೆ ಹೆಚ್ಚುವರಿ ಬಾಬತ್ತು ತೋರಿಸಿದರಾಯಿತು, ಇಲ್ಲವೇ ಸಾಮಾನಿನಲ್ಲಿ ಉಳಿಸಿದರಾಯಿತು ಎಂಬುದು ಅವನ ಲೆಕ್ಕ.

ಸಾಮಾನಿನಲ್ಲಿ ಉಳಿಸುವುದು ಎಂದರೇನು ಎಂಬುದನ್ನು ಕಾಲುವೆಯಲ್ಲಿಯೇ ನೋಡಬಹುದು. ವಿಜಯಪುರ ಜಿಲ್ಲೆಯ ಬಹುಪಾಲು ಎರೆಭೂಮಿ. ಎರೆಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಸಿದರೆ ಮಣ್ಣು ಅದನ್ನು ಎತ್ತಿ ಒಡೆಯುತ್ತದೆ. ಆದ್ದರಿಂದ ಕಾಲುವೆಯ ಎರೆಯನ್ನು ಸ್ವಲ್ಪ ಅಗೆದು ತೆಗೆದು, ಹಿಗ್ಗದ ಗರಸುಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ರೋಲರ್ ಹೊಡೆದು, ಅದರ ಮೇಲೆ ಲೈನಿಂಗ್ ಮಾಡಬೇಕು. ಗರಸು ಹತ್ತಿರ ಸಿಗದಿದ್ದರೆ ದೂರದಿಂದ ಟಿಪ್ಪರಿನಲ್ಲಿ ತರಬೇಕು. ಆ ಸಾಗಾಣಿಕೆಯ ಖರ್ಚು ದರದಲ್ಲಿ ಸೇರಿರಬೇಕು. ಕಾಂಕ್ರೀಟ್ ಬಿದ್ದ ಮೇಲೆ ಕೆಳಗಿನ ಗರಸಿನ ಪದರ ಎಷ್ಟು ದಪ್ಪ ಇದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅಳತೆ ಪುಸ್ತಕದಲ್ಲಿ ಬರೆದದ್ದೇ ಸಾಕ್ಷಿ. ಕಡಿಮೆ ದರ ಬರೆದವನ ಕೈ ಮೊದಲು ಹೋಗುವುದು ಇಂಥ ಕಾಣದ ಪದರಕ್ಕೆ. ಎರಡು ಮಳೆಗಾಲ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಲೈನಿಂಗ್ ಉಬ್ಬುತ್ತದೆ, ಸೀಳುತ್ತದೆ, ನೀರು ಸೋರಿ ಕೊನೆಯ ಹೊಲ ಒಣಗಿಯೇ ಉಳಿಯುತ್ತದೆ. ಅಲ್ಲಮ ಸೊನ್ನಲಿಗೆಯಲ್ಲಿ ಕೇಳಿದ್ದು ಕಟ್ಟುವವನ ಒಳಗೆ ಏನಿದೆ ಎಂಬುದನ್ನು. ಎರೆಭೂಮಿಯ ಕಾಲುವೆಯಲ್ಲಿ ಆ ಒಳಗು ಗರಸಿನ ಪದರದ ದಪ್ಪದಲ್ಲಿ ತಿಳಿಯುತ್ತದೆ.

ಪಂಪಿನ ವಿಷಯದಲ್ಲಿ ಮೋಸವಿಲ್ಲದೆಯೂ ಅನ್ಯಾಯ ನಡೆಯಬಲ್ಲದು. ಒಂದು ಘನ ಮೀಟರ್ ನೀರನ್ನು 100 ಮೀಟರ್ ಎತ್ತರಕ್ಕೆ ಏರಿಸಲು ನಷ್ಟವೇ ಇಲ್ಲದಿದ್ದರೂ ಸುಮಾರು 0.27 ಯೂನಿಟ್ ವಿದ್ಯುತ್ ಬೇಕು. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಪಂಪು ಮತ್ತು ಮೋಟರಿನ ದಕ್ಷತೆ ಒಟ್ಟು ಶೇಕಡಾ 80 ಇದ್ದರೆ ಅಷ್ಟು ನೀರಿಗೆ ಸುಮಾರು 96 ಲಕ್ಷ ಯೂನಿಟ್, ಶೇಕಡಾ 70 ಇದ್ದರೆ 1.1 ಕೋಟಿ ಯೂನಿಟ್ ತಗಲುತ್ತದೆ. ವ್ಯತ್ಯಾಸ ಸುಮಾರು 14 ಲಕ್ಷ ಯೂನಿಟ್, ಅದೂ ಪ್ರತಿ ಟಿಎಂಸಿಗೆ, ಪ್ರತಿ ವರ್ಷ. ನಿರ್ಮಾಣದ ಮೊತ್ತವನ್ನಷ್ಟೇ ಹೋಲಿಸಿ ಕೆಲಸ ಕೊಟ್ಟರೆ ಅಗ್ಗದ ಪಂಪು ಗೆಲ್ಲುತ್ತದೆ, ಅದರ ಬಿಲ್ಲನ್ನು ಮುಂದಿನ ತಲೆಮಾರು ಕಟ್ಟುತ್ತದೆ. ದಕ್ಷತೆಯ ಖಾತರಿಯನ್ನು ಷರತ್ತಿನಲ್ಲಿಯೇ ಬರೆಸಿ, ಆಯುಷ್ಯ ಪೂರ್ತಿಯ ವಿದ್ಯುತ್ ಖರ್ಚನ್ನು ದರಕ್ಕೆ ಕೂಡಿಸಿ ಹೋಲಿಸುವುದೇ ಸರಿಯಾದ ಕ್ರಮ. ಇಲ್ಲಿ ಹೊಣೆ ಟೆಂಡರ್ ಹಾಕುವವನಿಗಿಂತ ಕರೆಯುವವನ ಮೇಲೆ ಹೆಚ್ಚು.

ಕರೆಯುವವನ ಧರ್ಮ ಅಷ್ಟಕ್ಕೇ ಮುಗಿಯುವುದಿಲ್ಲ. ದರಪಟ್ಟಿಯನ್ನು ಕಬ್ಬಿಣ, ಸಿಮೆಂಟ್, ಡೀಸೆಲ್ ಬೆಲೆಗೆ ತಕ್ಕಂತೆ ಪರಿಷ್ಕರಿಸದಿದ್ದರೆ ಅಂದಾಜೇ ಸುಳ್ಳಾಗುತ್ತದೆ. ಮಾಡಿದ ಕೆಲಸದ ಬಿಲ್ಲು ವರ್ಷಗಟ್ಟಲೆ ಬಾಕಿ ಬಿದ್ದರೆ, ಬಡ್ಡಿಯ ಹೊರೆಯನ್ನು ಗುತ್ತಿಗೆದಾರ ಮುಂದಿನ ಟೆಂಡರಿನ ದರದಲ್ಲಿಯೋ ಗುಣಮಟ್ಟದಲ್ಲಿಯೋ ವಸೂಲಿ ಮಾಡುತ್ತಾನೆ. ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಶೇಕಡಾ 40ರವರೆಗೆ ಕಮಿಷನ್ ಕೇಳಲಾಗುತ್ತಿದೆ ಎಂದು ಆರೋಪಿಸಿತು, 2023ರಲ್ಲಿ ಅದರ ವಿಚಾರಣೆಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ನೇಮಕವಾಯಿತು. ಪ್ರಮಾಣ ಎಷ್ಟೇ ಇರಲಿ, ತಾತ್ವಿಕವಾಗಿ ಕಮಿಷನ್ ಮಾಡುವ ಹಾನಿ ಸ್ಪಷ್ಟವಾಗಿದೆ. ಟೆಂಡರಿನಲ್ಲಿ ಬರೆದ ಅಂಕಿ ಆಗ ಕೆಲಸದ ಬೆಲೆಯಾಗಿ ಉಳಿಯುವುದಿಲ್ಲ, ಪ್ರಾಮಾಣಿಕವಾಗಿ ದರ ಬರೆಯುವವನಿಗೆ ಸ್ಪರ್ಧೆಯಲ್ಲಿ ನಿಲ್ಲಲು ಜಾಗವೂ ಇರುವುದಿಲ್ಲ.

ಯಾರಿಗೆ ಸ್ಪರ್ಧಿಸುವ ಶಕ್ತಿಯೇ ಇಲ್ಲವೋ ಅವರ ಮಾತೂ ಇದೆ. ಟೆಂಡರಿನ ಜೊತೆ ಕಟ್ಟಬೇಕಾದ ಇಎಂಡಿ ಠೇವಣಿ, ವಾರ್ಷಿಕ ವಹಿವಾಟು, ಇಂಥದೇ ಕೆಲಸ ಹಿಂದೆ ಮಾಡಿದ ಅನುಭವ ಇವು ಕಾಗದದ ಮೇಲೆ ಎಲ್ಲರಿಗೂ ಒಂದೇ, ಆದರೆ ಅವನ್ನು ಒದಗಿಸುವ ಬಲ ಎಲ್ಲರಿಗೂ ಒಂದೇ ಅಲ್ಲ. ತಲೆತಲಾಂತರದಿಂದ ಕೆರೆ ಬಾವಿಗೆ ಮಣ್ಣು ಹೊತ್ತ ಸಮುದಾಯಗಳ ಹೆಸರು ಗುತ್ತಿಗೆದಾರರ ಪಟ್ಟಿಯಲ್ಲಿ ಬಹುಕಾಲ ವಿರಳವಾಗಿತ್ತು. 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪರಿಶಿಷ್ಟ ಪಂಗಡಕ್ಕೆ ಶೇಕಡಾ 6.95 ಮೀಸಲಿಟ್ಟ, ಪಾರದರ್ಶಕತೆ ಅಧಿನಿಯಮದ ತಿದ್ದುಪಡಿ ಈ ಅಸಮಾನತೆಗೆ ಕೊಟ್ಟ ಉತ್ತರ. ಮಿತಿಯನ್ನು 2023ರಲ್ಲಿ 1 ಕೋಟಿಗೆ ಏರಿಸಲಾಯಿತು. ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ಸಾರಿದ ನಾಡಿನಲ್ಲಿ ಇದು ತಡವಾಗಿ ಬಂದ ಕ್ರಮ.

ಮತ್ತೆ ಕಡಿಮೆ ದರದ ಮಾತಿಗೆ ಮರಳಿದರೆ, ಅಂದಾಜಿಗಿಂತ ತೀರಾ ಕೆಳಗಿನ ದರ ಬಂದಾಗ ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಅವಕಾಶ ಟೆಂಡರ್ ದಸ್ತಾವೇಜುಗಳಲ್ಲಿದೆ. ದರದ ವಿಶ್ಲೇಷಣೆಯನ್ನು ಬರೆದುಕೊಡಿ ಎನ್ನಬಹುದು. ಗರಸು ಎಲ್ಲಿಂದ ತರುತ್ತೀರಿ, ಎಷ್ಟು ಕಿಲೋಮೀಟರ್, ಟಿಪ್ಪರಿಗೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡಲಾಗದ ದರ ತಾನಾಗಿಯೇ ಬಯಲಾಗುತ್ತದೆ. ಕೆಲಸ ಮುಗಿದ ಮೇಲೆ ದೋಷ ಹೊಣೆಗಾರಿಕೆಯ ಅವಧಿ, ಏತ ಯೋಜನೆಗಳಲ್ಲಿ ಅದರ ಜೊತೆಗೆ ಕೆಲವು ವರ್ಷಗಳ ನಿರ್ವಹಣೆಯ ಹೊಣೆ ಕಟ್ಟಿದವನದೇ ಇರುತ್ತದೆ. ಪಂಪು ಓಡಿಸುವುದು, ಕೊಳವೆ ಒಡೆದರೆ ಬೆಸುಗೆ ಹಾಕಿಸುವುದು, ಉಬ್ಬಿದ ಲೈನಿಂಗ್ ಕಿತ್ತು ಮತ್ತೆ ಹಾಕುವುದು ಎಲ್ಲ ಅವನ ಕೆಲಸವೇ. ಆ ಅವಧಿ ಮುಗಿಯುವವರೆಗೆ ಅವನ ಠೇವಣಿ ನಿಗಮದ ಬಳಿ ಇರುತ್ತದೆ. ಅದು ಮುಗಿದ ದಿನ ಯೋಜನೆ ನಿಗಮದ ಕೈಗೆ, ಹೊಲಗಾಲುವೆಗಳು ನೀರು ಬಳಕೆದಾರರ ಸಹಕಾರ ಸಂಘಗಳ ಕೈಗೆ ಬರುತ್ತವೆ. ಆಮೇಲೆ ಒಡೆದದ್ದರ ದುರಸ್ತಿಗೆ ಹೊಸದಾಗಿ ಟೆಂಡರ್ ಕರೆಯಬೇಕು.