ಮೂರು ಸೆಲ್ಲಿನ ಬ್ಯಾಟರಿ

ಕ್ರೋಂಪೇಟೆಯಲ್ಲಿ ಮನೆ ಮಾಡಿದ್ದೇನೆ ಅಂದಾಗ ಊರಿನವರು ಮೊದಲು ಕೇಳಿದ್ದು, "ಅದೆಂಥ ಹೆಸರು ಮಾರಾಯ?" ಅಂತ. ಚೆನ್ನೈ ವಿಮಾನ ನಿಲ್ದಾಣ ದಾಟಿ ತಾಂಬರಂ ಕಡೆಗೆ ಹೊರಟರೆ ಪಲ್ಲಾವರಂ ಆದ ಮೇಲೆ ಸಿಗುವ ಊರು ಇದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಲ್ಲಿ ಕ್ರೋಮ್ ಲೆದರ್ ಕಂಪನಿ ಅಂತ ಚರ್ಮ ಹದ ಮಾಡುವ ಕಾರ್ಖಾನೆ ಬಂತು. ಮರದ ತೊಗಟೆ ಬಿಟ್ಟು ಕ್ರೋಮಿಯಂ ಲವಣದಲ್ಲಿ ಹದ ಮಾಡುವುದು ಆಗ ಹೊಸ ವಿದ್ಯೆ. ಆ ಹೊಸತನದ ಹೆಸರನ್ನೇ ಊರು ಹೊತ್ತುಕೊಂಡಿತು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಲೋಕಲ್ ರೈಲಿನ ಬೋರ್ಡಿನ ಮೇಲೆ ಗಟ್ಟಿಯಾಗಿ ಕೂತಿದೆ. ಹಳತನ್ನು ಬಿಡದ ಚಟ ನನಗೊಬ್ಬನಿಗೇ ಇರುವುದಲ್ಲ ಎಂದು ನನಗೆ ಅಷ್ಟರಮಟ್ಟಿಗೆ ಸಮಾಧಾನ.

ನನ್ನ ಚಟದ ವಿಷಯ ಹೇಳಿಬಿಡುತ್ತೇನೆ. ಪಕ್ಕದ ಪಲ್ಲಾವರಂನಲ್ಲಿ ಶುಕ್ರವಾರದ ಸಂತೆ ಅಂತ ಒಂದಿದೆ. ತರಕಾರಿ, ಗಿಡ, ಪಾರಿವಾಳದಿಂದ ಹಿಡಿದು ಮುರಿದ ಮಿಕ್ಸಿಯವರೆಗೆ ಅಲ್ಲಿ ಸಿಗದ್ದಿಲ್ಲ. ಹಳೇ ಸಾಮಾನಿನ ಸಾಲಿನಲ್ಲಿ ಒಂದು ಟಾರ್ಪಾಲಿನ ಮುಂದೆ ನಾವು ನಾಲ್ಕೈದು ಜನ ಕುಕ್ಕರಗಾಲಲ್ಲಿ ಕೂತಿರುತ್ತೇವೆ. ಹುಡುಕುವುದು ಹಳೆಯ ಟಾರ್ಚು. ಹಿತ್ತಾಳೆಯದು, ಅಲ್ಯೂಮಿನಿಯಂನದು, ತಲೆ ತಿರುಗಿಸಿದರೆ ಬೆಳಕು ಹಿಗ್ಗಿ ಕುಗ್ಗುವಂಥದು. ಬಲ್ಬು ಸಿಕ್ಕರಂತೂ ಹಬ್ಬ. ಎರಡು ಸೆಲ್ಲಿನದಕ್ಕೆ 2.5 ವೋಲ್ಟ್, ಮೂರು ಸೆಲ್ಲಿನದಕ್ಕೆ 3.8 ವೋಲ್ಟ್, ಹಿಡಿಯಷ್ಟು ಕೊಂಡು ಹತ್ತಿಯಲ್ಲಿ ಸುತ್ತಿ ಇಡುತ್ತೇನೆ. ನಮ್ಮ ಪೈಕಿ ಒಬ್ಬರು ನಿವೃತ್ತ ರೈಲ್ವೆ ಗಾರ್ಡು. ಕೆಂಪು, ಹಸಿರು, ಬಿಳಿ ಮೂರೂ ತೋರಿಸುವ ಟಾರ್ಚನ್ನು ಅವರು ಕೈಯಲ್ಲಿ ಹಿಡಿಯುವ ರೀತಿ ನೋಡಿದರೆ ಇನ್ನೂ ಡ್ಯೂಟಿಯಲ್ಲೇ ಇದ್ದಾರೆ ಅನ್ನಿಸುತ್ತದೆ. 2019ರ ಲೋಕಸಭಾ ಚುನಾವಣೆಗೆ ಕಮಲ್ ಹಾಸನ್ ಪಕ್ಷಕ್ಕೆ ಬ್ಯಾಟರಿ ಟಾರ್ಚಿನ ಗುರುತು ಸಿಕ್ಕಾಗ ನನ್ನ ಹೆಂಡತಿ, "ಅಂತೂ ನಿಮಗೂ ಒಂದು ಪಾರ್ಟಿ ಆಯ್ತು ನೋಡಿ" ಅಂದಳು.

ಅವಳ ವಾದ ಸರಳ. ಕೈಯಲ್ಲಿರುವ ಫೋನಿನ ಹಿಂದಿನ ಚುಕ್ಕೆ ಈ ಡಬ್ಬಗಳಿಗಿಂತ ಹೆಚ್ಚು ಬೆಳಕು ಕೊಡುತ್ತದೆ. ನಿಜ. ಹಳೇ ಬಲ್ಬಿನಲ್ಲಿ ತಂತಿ ಕಾದು ಕೆಂಪಾಗಿ ಬೆಳಗಬೇಕು. ಕರೆಂಟಿನ ನೂರು ಪಾಲಿನಲ್ಲಿ ತೊಂಬತ್ತಕ್ಕೂ ಹೆಚ್ಚು ಬಿಸಿಯಾಗಿ ಹೋಗುತ್ತದೆ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಕೊಟ್ಟದ್ದು ಸುಮ್ಮನೆ ಅಲ್ಲ. ಆ ನೀಲಿಯ ಮೇಲೆ ಹಳದಿ ಪುಡಿಯ ಲೇಪ ಕೊಟ್ಟು ಬಿಳಿ ಬೆಳಕು ಮಾಡಿದರು, ಸೀಮೆಎಣ್ಣೆಯಲ್ಲಿದ್ದ ಎಷ್ಟೋ ಮನೆಗಳು ಬೆಳಗಿದವು. ಹಾಗಿದ್ದ ಮೇಲೆ ಹತ್ತು-ಹದಿನೈದು ಲ್ಯೂಮೆನ್ನಿನ ಹಳದಿ ಬೆಳಕಿಗಾಗಿ ಸಂತೆಯಲ್ಲಿ ಕುಕ್ಕರಗಾಲಲ್ಲಿ ಕೂರುವುದು ಯಾತಕ್ಕೆ? ಇದು ಬರೀ ಹವ್ಯಾಸದ ಪ್ರಶ್ನೆ ಅಂತ ನಾನೂ ಬಹಳ ಕಾಲ ಅಂದುಕೊಂಡಿದ್ದೆ.

ನಮ್ಮೂರು ಕೊಪ್ಪದ ಹತ್ತಿರದ ಒಂಟಿ ಮನೆಗಳ ಹಳ್ಳಿ. ಅಲ್ಲಿ ಟಾರ್ಚಿಗೆ ಟಾರ್ಚ್ ಅನ್ನುವುದಿಲ್ಲ, ಬ್ಯಾಟರಿ ಅನ್ನುತ್ತೇವೆ. ಅಪ್ಪನದು ಮೂರು ಸೆಲ್ಲಿನ ಬ್ಯಾಟರಿ. ರಾತ್ರಿ ತಲೆದಿಂಬಿನ ಪಕ್ಕ ಮಲಗುತ್ತಿತ್ತು, ಮಕ್ಕಳು ಮುಟ್ಟುವಂತಿರಲಿಲ್ಲ. ಬಸ್ಸಿಳಿದು ಗದ್ದೆಯಂಚಿನಲ್ಲಿ ಮನೆಗೆ ಬರುವಾಗ ಅಪ್ಪ ಅದನ್ನು ಒಂದೇ ಸಮ ಉರಿಸುತ್ತಿರಲಿಲ್ಲ. ಒತ್ತಿ ದಾರಿ ನೋಡಿ ಆರಿಸುವುದು, ಹತ್ತು ಹೆಜ್ಜೆ ಕತ್ತಲಲ್ಲಿ ನಡೆಯುವುದು, ಮತ್ತೆ ಒತ್ತುವುದು. ಅಮೆರಿಕದಲ್ಲಿ ಇದಕ್ಕೆ ಫ್ಲ್ಯಾಶ್‌ಲೈಟ್ ಎಂಬ ಹೆಸರು ಬಂದದ್ದೂ ಹಾಗೇ. 1890ರ ದಶಕದ ಕೊನೆಯ ಆ ಮೊದಲ ಟಾರ್ಚುಗಳ ಸೆಲ್ಲಿಗೆ ಎಡೆಬಿಡದೆ ಉರಿಸುವ ತ್ರಾಣ ಇರಲಿಲ್ಲ, ಮಿಂಚಿಸಿ ಬಿಡಬೇಕಿತ್ತು. ಅಪ್ಪನಿಗೆ ಈ ಚರಿತ್ರೆ ಗೊತ್ತಿರಲಿಲ್ಲ. ಸೆಲ್ಲಿನ ಬೆಲೆ ಗೊತ್ತಿತ್ತು.

ಬೆಳಕು ಕೆಂಪಗಾದರೆ ಸೆಲ್ಲುಗಳನ್ನು ತೆಗೆದು ಅಂಗಳದಲ್ಲಿ ಅಡಕೆಯ ಪಕ್ಕ ಬಿಸಿಲಿಗಿಡುತ್ತಿದ್ದರು. ಮೂಢನಂಬಿಕೆ ಅಲ್ಲ ಅದು: ವಿಶ್ರಾಂತಿ ಸಿಕ್ಕರೆ, ಒಂದಿಷ್ಟು ಬಿಸಿಯಾದರೆ, ಆ ಹಳೆಯ ಸತುವಿನ ಸೆಲ್ಲುಗಳು ಸ್ವಲ್ಪ ಚೇತರಿಸಿಕೊಳ್ಳುತ್ತಿದ್ದವು. ಇನ್ನೆರಡು ರಾತ್ರಿ ಬರುತ್ತಿತ್ತು. ನಾನು ಚೆನ್ನೈಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿನ ಉತ್ತರ ತುದಿಯ ತಿರುವೊತ್ತಿಯೂರಿನಲ್ಲಿ ಎವರೆಡಿಯ ಸೆಲ್ಲಿನ ಕಾರ್ಖಾನೆ ಇತ್ತಂತೆ. ನಮ್ಮ ಅಂಗಳದಲ್ಲಿ ಬಿಸಿಲು ಕಾಯಿಸಿದ ಸೆಲ್ಲುಗಳಲ್ಲಿ ಕೆಲವಾದರೂ ನನಗಿಂತ ಮೊದಲೇ ಈ ಊರಿಂದ ಆ ಊರಿಗೆ ಹೋಗಿರಬಹುದು. ಈಗ ಆ ಕಾರ್ಖಾನೆಯೂ ಮುಚ್ಚಿದೆ.

ಇಲ್ಲಿಗೆ ನಿಲ್ಲಿಸಿ "ಆ ಕಾಲವೇ ಚಂದ" ಅಂದುಬಿಟ್ಟರೆ ನಿಮಗೂ ಇಷ್ಟವಾಗುತ್ತದೆ, ನನಗೂ ಸುಲಭ. ಆದರೆ ಹಾಗೆನ್ನಲು ಎರಡು ಅಡ್ಡಿಗಳಿವೆ.

ಒಂದು, ಅಮ್ಮ. ಒಮ್ಮೆ ಊರಿಗೆ ಹೋದಾಗ ನಾನು ಅಪ್ಪನ ಬ್ಯಾಟರಿಯ ಗುಣಗಾನ ಮಾಡುತ್ತಿದ್ದೆ. ಅಮ್ಮ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡವಳು, "ನಂಗೆ ಯಾವತ್ತು ಕೊಟ್ಟಿದ್ರು ಅದನ್ನ? ಕೊಟ್ಟಿಗೆಗೆ ನಾನು ಹೋಗ್ತಿದ್ದದ್ದು ಚಿಮಣಿ ಬುಡ್ಡಿ ಹಿಡ್ಕೊಂಡು. ಗಾಳಿ ಬಂದ್ರೆ ಅದೂ ಇಲ್ಲ" ಅಂದಳು. ನಾನು ತೆಗೆದುಕೊಟ್ಟ ನೂರೈವತ್ತು ರೂಪಾಯಿಯ ಎಲ್‌ಇಡಿ ಟಾರ್ಚು ಅವಳ ಜೀವಮಾನದ ಮೊದಲ ಸ್ವಂತ ಬ್ಯಾಟರಿ. ಅದನ್ನು ಅವಳು ಸೆರಗಿನ ಗಂಟಿನಷ್ಟೇ ಜೋಪಾನ ಮಾಡುತ್ತಾಳೆ. ನನ್ನ ನೆನಪಿನ ಬೆಳಕಿನ ವೃತ್ತದಲ್ಲಿ ಅಮ್ಮ ಇರಲೇ ಇಲ್ಲ. ಇರಲಿಲ್ಲ ಅನ್ನುವುದು ಕೂಡ ನನಗೆ ಐವತ್ತು ದಾಟುವ ತನಕ ಹೊಳೆದಿರಲಿಲ್ಲ.

ಎರಡನೆಯದು, ಆ ಸೆಲ್ಲುಗಳ ಮೇಲೆ ಅಚ್ಚಾಗಿರುತ್ತಿದ್ದ ಹೆಸರು, ಯೂನಿಯನ್ ಕಾರ್ಬೈಡ್. ನಮ್ಮ ಎವರೆಡಿ ಮಾಡುತ್ತಿದ್ದದ್ದೂ, ಭೋಪಾಲದ ಕೀಟನಾಶಕ ಕಾರ್ಖಾನೆ ನಡೆಸುತ್ತಿದ್ದದ್ದೂ ಒಂದೇ ಕಂಪನಿ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. 1994ರಲ್ಲಿ ಅಮೆರಿಕದ ಮಾತೃಸಂಸ್ಥೆ ತನ್ನ ಪಾಲನ್ನು ಮಾರಿ ಹೊರಟಿತು; ಆಮೇಲೆ ಕಂಪನಿಗೆ ಎವರೆಡಿ ಎಂಬ ಹೆಸರೇ ಆಯಿತು. ಸಂತೆಯಲ್ಲಿ ಹಳೆ ಕಂಪನಿಯ ಹೆಸರಿನ ಸರಕು ಸಿಕ್ಕಾಗ ನಾವು "ಓಹೋ, ಒರಿಜಿನಲ್!" ಅಂತ ಕೈಯಲ್ಲಿ ತೂಗಿ ನೋಡುತ್ತೇವೆ. ಭೋಪಾಲದ ಒಬ್ಬ ಮನುಷ್ಯ ಪಕ್ಕದಲ್ಲಿ ಕೂತಿದ್ದರೆ ಹಾಗೆ ಅನ್ನಲು ಬಾಯಿ ಬರುತ್ತಿತ್ತೇ?

ಹಾಗಾಗಿ ಹಳತು ಎಂಬ ಕಾರಣಕ್ಕೆ ಹಳತು ಒಳ್ಳೆಯದು ಎನ್ನುವುದನ್ನು ನಾನು ಬಿಟ್ಟುಕೊಟ್ಟಿದ್ದೇನೆ. ಉಳಿದಿರುವುದು ಒಂದೇ ಒಂದು ಕಾರಣ. ಅದು ಗೊತ್ತಾದದ್ದು ಟಾರ್ಚಿನಿಂದಲ್ಲ, ಫೋನಿನಿಂದ.

ಪರಊರಿನಲ್ಲಿರುವವರಿಗೆ ಊರೆಂದರೆ ಭಾನುವಾರದ ಒಂದು ಫೋನು. "ಹೇಗಿದ್ದೀರಿ ಅಪ್ಪಾ?" "ಆರಾಮ. ಮಳೆ ಹೇಗಿದೆ ಅಲ್ಲಿ?" "ಇಲ್ಲೆಲ್ಲಿ ಮಳೆ." ಇಷ್ಟೇ ಮಾತು. ವರ್ಷಗಟ್ಟಲೆ ಅದೇ ದನಿ, ಅದೇ ಆರಾಮ. 2011ರ ಆಷಾಢದಲ್ಲಿ ಒಂದು ಮಂಗಳವಾರ ಬೆಳಗ್ಗೆ ತಮ್ಮ ಫೋನ್ ಮಾಡಿದ. ಸಿಕ್ಕ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ಬಸ್ಸು. ನಾನು ತಲುಪುವಾಗ ಎಲ್ಲ ಮುಗಿದಿತ್ತು. ಮನೆಯಲ್ಲಿದ್ದವರಿಗೆ ಆಶ್ಚರ್ಯವಾಗಿರಲಿಲ್ಲ. "ದೀಪಾವಳಿಯಿಂದಲೇ ಇಳೀತಾ ಬಂದ್ರು. ಮೊದಲು ತೋಟಕ್ಕೆ ಹೋಗೋದು ನಿಂತಿತು, ಆಮೇಲೆ ಪೇಪರ್ ಓದೋದು ನಿಂತಿತು" ಅಂದಳು ಅಮ್ಮ. "ನಂಗೆ ಯಾಕೆ ಹೇಳ್ಲಿಲ್ಲ?" ಅಂದೆ. "ನಿಂಗೆ ಗಾಬರಿ ಮಾಡಬೇಡ ಅಂತಿದ್ರು. ಫೋನ್ ಬಂದಾಗ ಎದ್ದು ಕೂತು, ಗಂಟಲು ಸರಿ ಮಾಡ್ಕೊಂಡು ಮಾತಾಡ್ತಿದ್ರು."

ಒಳ್ಳೆಯ ಎಲ್‌ಇಡಿ ಟಾರ್ಚಿನ ಒಳಗೆ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಸೆಲ್ಲಿನ ಶಕ್ತಿ ಇಳಿಯುತ್ತಿದ್ದರೂ ಅದು ಬೆಳಕನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಲಿಥಿಯಂ ಸೆಲ್ಲಾದರೆ ತೀರಾ ಬರಿದಾದಾಗ ರಕ್ಷಣೆಗೆಂದು ಸಂಪರ್ಕವನ್ನೇ ಕಡಿದುಬಿಡುತ್ತದೆ. ಕಡೆಯ ಗಳಿಗೆಯವರೆಗೆ ಬೆಳ್ಳನೆ ಬೆಳಕು, ಆಮೇಲೆ ಕತ್ತಲು. ಕೆಲವದರಲ್ಲಿ ಈಗ ಸೂಚನೆಯ ಕೆಂಪು ಚುಕ್ಕೆ ಇಡುತ್ತಾರೆ, ಇಲ್ಲವೆನ್ನುವುದಿಲ್ಲ. ಹಳೇ ಬ್ಯಾಟರಿಗೆ ಬೇರೆ ಸೂಚನೆ ಬೇಕಿಲ್ಲ. ಬಿಳಿ ಹಳದಿಯಾಗಿ, ಹಳದಿ ಕೆಂಪಾಗಿ, ಕೊನೆಗೆ ತಂತಿ ಮಾತ್ರ ಕೆಂಡದ ಎಳೆಯ ಹಾಗೆ ಕಾಣುವ ತನಕ ಅದು ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ. "ನನ್ನ ಕೈಲಿ ಇನ್ನು ಇಷ್ಟೇ, ಬೇಗ ಮನೆ ಸೇರು" ಎಂದು ಹೇಳುತ್ತಾ ನಡೆಸುತ್ತದೆ.

ಅಪ್ಪ ನನ್ನ ಪಾಲಿಗೆ ಹೊಸ ಟಾರ್ಚಿನ ಹಾಗೆ ಆರಿದರು, ಅಮ್ಮನ ಪಾಲಿಗೆ ಹಳೆಯದರ ಹಾಗೆ. ತಪ್ಪು ಅಪ್ಪನದು ಅಂತ ನಾನು ಹೇಳಲಾರೆ. ದೂರವೇ ಆ ಸರ್ಕ್ಯೂಟು. ದನಿಯನ್ನು ಒಂದೇ ಮಟ್ಟದಲ್ಲಿಡುತ್ತದೆ. ನಾನೂ ಅದನ್ನೇ ಮಾಡಿದ್ದೆನಲ್ಲ: ಕೆಲಸ ಹೋಗಿ ನಾಲ್ಕು ತಿಂಗಳು ಮನೆಯಲ್ಲಿ ಕೂತಾಗ ಭಾನುವಾರದ ಫೋನಿನಲ್ಲಿ ನಾನೂ ಆರಾಮವಾಗಿಯೇ ಇದ್ದೆ. ಮಂಕಾಗುವುದನ್ನು ಪ್ರೀತಿಪಾತ್ರರಿಂದ ಮುಚ್ಚಿಡುವುದು ಕರುಣೆಯೋ, ಅವರ ಪಾಲಿನ ಕಾಳಜಿಯನ್ನು ಕಸಿದುಕೊಳ್ಳುವುದೋ? ಮುಚ್ಚಿಟ್ಟವನು ಹಗುರಾಗುತ್ತಾನೆ ಅಂದುಕೊಳ್ಳುತ್ತೇವೆ. ಆದರೆ ಸೆಲ್ಲನ್ನು ಬಿಸಿಲಿಗಿಡುವ ಅವಕಾಶ ಇನ್ನೊಬ್ಬನಿಗೆ ತಪ್ಪಿಹೋಗುತ್ತದೆ. ಎರಡು ರಾತ್ರಿಯೇ ಇರಲಿ, ಅದು ಅವನಿಗೂ ಬೇಕಾಗಿತ್ತು.

ತಿಥಿ ಮುಗಿಸಿ ಬರುವಾಗ ಬ್ಯಾಟರಿಯನ್ನು ಕೇಳಿ ತಂದೆ. ಸೆಲ್ಲು ಸೋರಿ ಒಳಗೆ ಹಸಿರುಗಟ್ಟಿತ್ತು. ಲಿಂಬೆರಸ ಹಾಕಿ ಉಜ್ಜಿದೆ, ಸ್ಪ್ರಿಂಗನ್ನು ಮರಳುಕಾಗದದಲ್ಲಿ ತಿಕ್ಕಿದೆ. ಹಿಂದಿನ ಮುಚ್ಚಳದೊಳಗೆ ಅಪ್ಪ ಇಟ್ಟಿದ್ದ ಹೆಚ್ಚುವರಿ ಬಲ್ಬು ಹಾಗೇ ಇತ್ತು. ಹತ್ತಿಕೊಂಡಿತು. ಶುಕ್ರವಾರದ ಸಂತೆಯ ಚಟ ಶುರುವಾದದ್ದು ಅಲ್ಲಿಂದ.

ಇನ್ನೊಂದನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿತು. ಮರಗಳು, ಕಂಬಗಳು ನೆಲಕ್ಕೆ ಬಿದ್ದು ನಮ್ಮ ಬೀದಿಯಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ನೋಟು ರದ್ದಾಗಿ ತಿಂಗಳಾಗಿತ್ತಷ್ಟೆ, ಕೈಯಲ್ಲಿ ಕಾಸೂ ಇಲ್ಲ. ಫೋನುಗಳೆಲ್ಲ ಸತ್ತಿದ್ದವು. ಎರಡನೇ ರಾತ್ರಿ ಮೇಲಿನ ಮಹಡಿಯ ಪಾಟಿಯನ್ನು, ಅಂದರೆ ನಮ್ಮ ಅಜ್ಜಿ ವಯಸ್ಸಿನವರನ್ನು, ಕೆಳಗೆ ಕರೆತರಬೇಕಾಯಿತು. ಹೆಂಡತಿ ಎಲ್‌ಇಡಿ ಟಾರ್ಚನ್ನು ಮುಂದೆ ಚಾಚಿದಳು. ನಾನು ಹೆಮ್ಮೆಯಿಂದ ಅಪ್ಪನ ಬ್ಯಾಟರಿ ಎತ್ತಿಕೊಂಡೆ. ಬೆಳಕು ಆಗಲೇ ಕೆಂಪಗಾಗಿತ್ತು. ಎಚ್ಚರಿಕೆ ಕೊಟ್ಟಿತ್ತು ಅದು, ಕೇಳದೇ ಹೋದವನು ನಾನು. ಒದ್ದೆ ಮೆಟ್ಟಿಲಲ್ಲಿ ಪಾಟಿ ಒಂದು ಮೆಟ್ಟಿಲು ತಪ್ಪಿದರು. ಕಾಲು ಉಳುಕಿ ಮೂರು ವಾರ ಮಲಗಿದರು. "ಪರವಾಯಿಲ್ಲೆ ಪಾ" ಅಂತ ಅವರೇ ನನ್ನನ್ನು ಸಮಾಧಾನ ಮಾಡಿದರು. ನನ್ನ ಮಮತೆಯ ಬೆಲೆಯನ್ನು ಅವರ ಕಾಲಿನಿಂದ ಕೊಡಿಸಿದ್ದೆ.

ಆಮೇಲೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಇನ್ನೊಬ್ಬರ ಹೆಜ್ಜೆಗೆ ಬೆಳಕು ಹಿಡಿಯುವುದಾದರೆ ಇರುವುದರಲ್ಲಿ ಒಳ್ಳೆಯದನ್ನೇ ಹಿಡಿಯಬೇಕು. ಹಳತಿನ ಮೇಲಿನ ಪ್ರೀತಿಯನ್ನು ನನ್ನ ದಾರಿಯಲ್ಲಿ, ನನ್ನ ಕಾಲಿನ ಜವಾಬ್ದಾರಿಯ ಮೇಲೆ ಮಾತ್ರ ಇಟ್ಟುಕೊಳ್ಳಬೇಕು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ಮತ್ತೆ ಕತ್ತಲಾದಾಗ ಮೆಟ್ಟಿಲಿನ ತಿರುವಿಗೆ ಎಲ್‌ಇಡಿ ದೀಪ ತೂಗುಹಾಕಿದ್ದು ನಾನೇ. ಅಪ್ಪನ ಬ್ಯಾಟರಿ ಹಿಡಿದು ಟೆರೇಸಿನ ನೀರಿನ ಟ್ಯಾಂಕು ನೋಡಲು ಒಬ್ಬನೇ ಹೋದೆ, ಹತ್ತು ಹೆಜ್ಜೆಗೊಮ್ಮೆ ಒತ್ತುತ್ತಾ.

ಈಗ ಮಗಳು ಬೇರೆ ಊರಿನಲ್ಲಿದ್ದಾಳೆ. ಭಾನುವಾರ ಫೋನ್ ಮಾಡುತ್ತಾಳೆ. "ಹೇಗಿದ್ದೀಯಪ್ಪಾ?" ಅನ್ನುತ್ತಾಳೆ. ಬಾಯಿಗೆ ಮೊದಲು ಬರುವುದು ಅದೇ ಮಾತು. ಹೋದ ವಾರ ಅದನ್ನು ನುಂಗಿಕೊಂಡು ಹೇಳಿದೆ: "ಮಂಡಿ ನೋವಿದೆ. ಮೆಟ್ಟಿಲು ಹತ್ತೋದು ಸ್ವಲ್ಪ ಕಷ್ಟ ಆಗ್ತಿದೆ." ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಯಾವಾಗಿಂದ?" ಅಂದಳು.